ಆರು ತಿಂಗಳ ಮಗುವಿಗೆ ಫ್ರೀಫಾರ್ಮ್ ಕ್ರೋಶೆ ಸ್ವೆಟರ್: ತುಂಡುಗಳನ್ನು ಅಳತೆಗೆ ತರುವುದು ಹೇಗೆ?

ನೂಲುಂಡೆ

ಆರು ತಿಂಗಳ ಮಗುವಿಗೆ ಮುಂದೆ ಗುಂಡಿ ಹಾಕುವ ಸ್ವೆಟರ್ ಮಾಡಬೇಕು. ಮಾದರಿ ನೋಡಿಕೊಂಡು ಅಲ್ಲ, ಫ್ರೀಫಾರ್ಮ್‌ನಲ್ಲಿ: ಸ್ಕ್ರಂಬಲ್ ಎನ್ನುವ ಬಣ್ಣಬಣ್ಣದ ಪುಟ್ಟ ತುಂಡುಗಳನ್ನು ಕೈಗೆ ಬಂದಂತೆ ಹೆಣೆದು, ಆಮೇಲೆ ಕೂಡಿಸುವುದು. ಕ್ರೋಶೆ, ನಿಟ್ಟಿಂಗ್ ಎರಡೂ ಗೊತ್ತು. ಫ್ರೀಫಾರ್ಮ್‌ನಲ್ಲಿ ಇಷ್ಟು ಚಿಕ್ಕ ಉಡುಪು ಮಾತ್ರ ಹೊಸದು.

ಡಿಕೆ ದಪ್ಪದ (ತೀರ ತೆಳುವೂ ಅಲ್ಲದ, ದಪ್ಪವೂ ಅಲ್ಲದ) ನೂಲು, 3.5 ಮಿ.ಮೀ. ಹುಕ್ ಹಿಡಿದಿದ್ದೇನೆ. ಕೆಲವು ತುಂಡು ಬಟ್ಟಲಿನಂತೆ ಗುಳಿ ಬೀಳುತ್ತಿವೆ, ಇನ್ನು ಕೆಲವುದರ ಅಂಚೆಲ್ಲ ನೆರಿಗೆ. ಎಲ್ಲವೂ ಗಟ್ಟಿ, ಮಗುವಿನ ಮೈಗೆ ಒಗ್ಗುವ ಹಾಗಿಲ್ಲ. ತುಂಡು ಕೂಡಿಸುತ್ತ ಹೋದರೆ ಕೊನೆಗೆ ಎದೆ ಸುತ್ತಳತೆ ಎಷ್ಟಾಗುತ್ತದೆ ಅನ್ನುವ ಅಂದಾಜೇ ಸಿಗುತ್ತಿಲ್ಲ. ಉಳಿದ ನೂಲು ಎಲ್ಲ ಬಗೆಯದೂ ಇದೆ: ಹತ್ತಿ, ಅಕ್ರಿಲಿಕ್, ಸ್ವಲ್ಪ ಮೊಹೇರ್, ಜರಿ ಎಳೆ ಇರುವುದೊಂದು. ಎಲ್ಲವನ್ನೂ ಬೆರೆಸಬಹುದೇ? ಮಧ್ಯೆ ಮಧ್ಯೆ ನಿಟ್ಟಿಂಗ್ ಸೇರಿಸುವ ದಾರಿ ಯಾವುದು?

ಕಡ್ಡಿಕೊಕ್ಕೆ

ಮೊದಲು ಅಳತೆ ಹಿಡಿಯೋಣ. ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ.

ಆರು ತಿಂಗಳ ಮಗುವಿನ ಎದೆ ಸುತ್ತಳತೆ ಸುಮಾರು 43 ಸೆಂ.ಮೀ. ಒಳಗೊಂದು ಅಂಗಿ, ಡಯಾಪರ್, ಕೈ ತೂರಿಸುವ ಜಾಗ ಎಲ್ಲ ಸೇರಿ 5 ಸೆಂ.ಮೀ. ಸಡಿಲ ಬೇಕು, ಅಂದರೆ ಸ್ವೆಟರ್ 48. ಕ್ರೋಶೆ ಬಟ್ಟೆ ನಿಟ್ಟಿಂಗ್‌ನಷ್ಟು ಹಿಗ್ಗುವುದಿಲ್ಲ, ಹಾಗಾಗಿ ಈ 5ರಲ್ಲಿ ಕಡಿತ ಮಾಡಬೇಡಿ. ಬೆನ್ನು 24 ಸೆಂ.ಮೀ. ಅಗಲ. ಮುಂದಿನ ಗುಂಡಿಪಟ್ಟಿ 2.5 ಇಟ್ಟರೆ, ಒಂದೊಂದು ಮುಂಭಾಗ 24ರಲ್ಲಿ 2.5 ಕಳೆದು ಅರ್ಧ, ಸುಮಾರು 10.8. ಒಟ್ಟು ಉದ್ದ 27, ಅದರಲ್ಲಿ ಕೆಳಗಿನ ರಿಬ್ (ಹಿಗ್ಗುವ ಅಂಚುಪಟ್ಟಿ) 3. ಕಂಕುಳ ಆಳ 11. ಹಿಂದಿನ ಕತ್ತಿನ ಅಗಲ 10, ಮುಂದಿನ ಕತ್ತಿನ ಇಳಿತ 4.5. ಹಿಂಗತ್ತಿನ ನಡುವಿನಿಂದ ಮಣಿಕಟ್ಟಿಗೆ 29. ಬೆನ್ನಿನ ಅರ್ಧ 12 ಕಳೆದರೆ ತೋಳಿನ ಉದ್ದ 17.

ನನ್ನ ಸಲಹೆ, ಇಡೀ ಸ್ವೆಟರನ್ನು ಫ್ರೀಫಾರ್ಮ್ ಮಾಡಬೇಡಿ. ಈ ವಯಸ್ಸಿನ ಮಗು ದಿನದ ಬಹುಪಾಲು ಬೆನ್ನ ಮೇಲೋ ಹೊಟ್ಟೆ ಮೇಲೋ ಇರುತ್ತದೆ, ಇಲ್ಲವೇ ಯಾರದೋ ತೋಳಲ್ಲಿ. ಬೆನ್ನು, ತೋಳು, ಅಂಚು ಎಲ್ಲ ನಿಟ್ಟಿಂಗ್ ಇರಲಿ. ಎರಡು ಮುಂಭಾಗ ಮಾತ್ರ ಫ್ರೀಫಾರ್ಮ್. ಕಣ್ಣಿಗೆ ಬೀಳುವುದೂ ಅದೇ. ತೂಕವೂ ಹಿಡಿತದಲ್ಲಿರುತ್ತದೆ: ಇಂಥದ್ದು 150–180 ಗ್ರಾಂ ನೂಲಿನಲ್ಲಿ ಮುಗಿಯುತ್ತದೆ, ಮುಖ್ಯ ಬಣ್ಣ 100, ಉಳಿದ ಬಣ್ಣಗಳೆಲ್ಲ ಸೇರಿ 80ರೊಳಗೆ.

ಹಳೆಯ ಹತ್ತಿ ಬಟ್ಟೆಯ ಮೇಲೆ ಮುಂಭಾಗದ ಆಕಾರವನ್ನು ನಿಜ ಅಳತೆಯಲ್ಲಿ ಬರೆಯಿರಿ: 10.8 ಅಗಲ, 24 ಎತ್ತರ, ರಿಬ್ ಬಿಟ್ಟು. ಇನ್ನೊಂದನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯಿರಿ, ಇಲ್ಲದಿದ್ದರೆ ಎರಡೂ ಎಡಭಾಗವೇ ಆಗಿಬಿಡುತ್ತವೆ. ಈಗ ಗೆರೆಯಿಂದ 1 ಸೆಂ.ಮೀ. ಒಳಗೆ ಮತ್ತೊಂದು ಗೆರೆ. ಸ್ಕ್ರಂಬಲ್‌ಗಳು ಈ ಒಳಗೆರೆ ದಾಟಬಾರದು. ಉಳಿದ 1 ಸೆಂ.ಮೀ.ನಲ್ಲಿ ಮುಖ್ಯ ಬಣ್ಣದಲ್ಲಿ ಸುತ್ತ ಒಂದು ಸಾಲು ಸಿಂಗಲ್ ಕ್ರೋಶೆ, ಅದರ ಮೇಲೆ ಒಂದು ಸಾಲು ಹಾಫ್ ಡಬಲ್. ಒಳಗೆ ಎಷ್ಟು ಸ್ವಚ್ಛಂದವಾಗಿ ಆಡಿದರೂ ಅಂಚು ನೇರ ಬರುತ್ತದೆ, ಸ್ಟಿಚ್ ಎಣಿಸಲು ಸಿಗುತ್ತದೆ. ಆ ಎಣಿಕೆ ಇಲ್ಲದೆ ನಿಟ್ಟಿಂಗ್ ಜೋಡಣೆ ಸರಿಬರುವುದಿಲ್ಲ.

ಸಿಂಗಲ್ ಗಿಡ್ಡ ಸ್ಟಿಚ್, ಹಾಫ್ ಡಬಲ್ ಅದಕ್ಕಿಂತ ಎತ್ತರ, ಡಬಲ್ ಇನ್ನೂ ಎತ್ತರ. ನಾನು ಹೇಳುತ್ತಿರುವುದೆಲ್ಲ ಸ್ಟಿಚ್‌ಗಳ ಅಮೆರಿಕನ್ ಹೆಸರು. ಬ್ರಿಟಿಷ್ ಮಾದರಿಗಳಲ್ಲಿ ಇದೇ ಸಿಂಗಲ್ ಕ್ರೋಶೆಗೆ ಡಬಲ್ ಎನ್ನುತ್ತಾರೆ, ನೋಡಿಕೊಳ್ಳಿ.

ಎಳೆಬಿಡಿಸು

ಗುಳಿ ಮತ್ತು ನೆರಿಗೆಗೆ ಕಾರಣ ಒಂದೇ, ಲೆಕ್ಕ ತಪ್ಪಿರುವುದು. ದುಂಡಗಿನ ತುಂಡು ಚಪ್ಪಟೆ ಕೂರಬೇಕಾದರೆ ಒಂದೊಂದು ಸುತ್ತಿಗೆ ಹೆಚ್ಚಿಸಬೇಕಾದ ಸ್ಟಿಚ್ ಸಿಂಗಲ್ ಕ್ರೋಶೆಗೆ 6, ಹಾಫ್ ಡಬಲ್‌ಗೆ 8, ಡಬಲ್‌ಗೆ 12. ಸ್ಟಿಚ್ ಎತ್ತರವಾದಷ್ಟೂ ಹೊರಸುತ್ತು ಬೇಗ ಬೆಳೆಯುತ್ತದೆ, ಅದಕ್ಕೇ ಹೆಚ್ಚು ಬೇಕು. ಕಡಿಮೆ ಹಾಕಿದರೆ ಗುಳಿ, ಜಾಸ್ತಿ ಹಾಕಿದರೆ ನೆರಿಗೆ. ಫ್ರೀಫಾರ್ಮ್‌ನಲ್ಲಿ ಒಂದೇ ಸುತ್ತಿನಲ್ಲಿ ಮೂರು ಬಗೆಯ ಸ್ಟಿಚ್ ಬರುವುದರಿಂದ ಸಂಖ್ಯೆಯನ್ನು ಪಾಲಿಸುವುದು ಕಷ್ಟ. ಆದರೆ ನಿಯಮ ಉಳಿಯುತ್ತದೆ: ಹೊರಬಾಗಿದ ತಿರುವಿನಲ್ಲಿ ಒಂದೇ ಸ್ಟಿಚ್‌ಗೆ ಎರಡು, ಒಳಬಾಗಿದ ಮೂಲೆಯಲ್ಲಿ ಒಂದು ಬಿಟ್ಟುಬಿಡಿ ಅಥವಾ ಎರಡನ್ನು ಸೇರಿಸಿ ಒಂದು ಮಾಡಿ.

ಪ್ರತಿ ಸಾಲಿನ ಕೊನೆಗೂ ತುಂಡನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೋಡಿ. ಎತ್ತಿಕೊಂಡಿರುವ ಜಾಗ ಕಂಡರೆ ಆಗಲೇ ಆ ಸಾಲನ್ನು ಬಿಚ್ಚಿ. ಮುಂದಿನ ಸಾಲಿನಲ್ಲಿ ಸರಿಪಡಿಸೋಣ ಅಂದರೆ ನಡುವಿನ ಗುಳಿ ಹಾಗೇ ಉಳಿದು ಅಂಚಿಗೆ ನೆರಿಗೆ ಬರುತ್ತದೆ, ಎರಡೂ ತೊಂದರೆ ಒಂದೇ ತುಂಡಿನಲ್ಲಿ. ಒದ್ದೆ ಮಾಡಿ ಪಿನ್ ಹೊಡೆದು ಒಣಗಿಸಿದರೆ ಸಣ್ಣ ಏರಿಳಿತ ಹೋಗುತ್ತದೆ, ಗುಳಿ ಹೋಗುವುದಿಲ್ಲ.

ಎರಡು ತುಂಡಿನ ನಡುವೆ ಹಳ್ಳ ಉಳಿದರೆ ಹೊಸ ತುಂಡು ಬೇಡ. ಹಳ್ಳದ ಒಂದು ತುದಿಯಿಂದ ಸ್ಲಿಪ್ ಸ್ಟಿಚ್ (ಎಲ್ಲಕ್ಕಿಂತ ಗಿಡ್ಡ), ಸಿಂಗಲ್, ಹಾಫ್ ಡಬಲ್, ನಡುವೆ ಆಳ ಇದ್ದಲ್ಲಿ ಡಬಲ್, ಮತ್ತೆ ಅದೇ ಕ್ರಮದಲ್ಲಿ ಇಳಿಯುತ್ತ ಬನ್ನಿ. ಹಳ್ಳ ತುಂಬಿ ಅಂಚು ನೇರವಾಗುತ್ತದೆ.

ಗಟ್ಟಿತನಕ್ಕೆ ಹುಕ್ ಕಾರಣ. ಡಿಕೆ ನೂಲಿಗೆ 3.5 ಆಟಿಕೆ ಮಾಡುವ ಬಿಗಿ, ತುಂಬಿದ ಹತ್ತಿ ಹೊರಗೆ ಕಾಣದಿರಲಿ ಅಂತ. ಉಡುಪಿಗೆ 4.5 ಹಿಡಿಯಿರಿ, ನಿಮ್ಮ ಕೈ ಬಿಗಿಯಾಗಿದ್ದರೆ 5. ಬರಿಯ ಸಿಂಗಲ್ ಕ್ರೋಶೆ ಒತ್ತಾಗಿ ಹಲಗೆಯ ಗುಣ ಬರುತ್ತದೆ. ಅದರ ಬದಲು ಒಂದು ಸಿಂಗಲ್, ಒಂದು ಚೈನ್, ಕೆಳಗಿನದೊಂದು ಬಿಟ್ಟು ಮತ್ತೆ ಸಿಂಗಲ್, ಹೀಗೆ ಮಾಸ್ ಸ್ಟಿಚ್ ಹಾಕಿದರೆ ಬಟ್ಟೆ ಬಳುಕುತ್ತದೆ. ಹಾಫ್ ಡಬಲ್ ಕೂಡ ಒಳ್ಳೆಯದು. ಬುಲಿಯನ್ (ನೂಲನ್ನು ಹತ್ತು ಸುತ್ತು ಸುತ್ತಿ ಎಳೆಯುವುದು), ಪಾಪ್‌ಕಾರ್ನ್, ದಪ್ಪ ಬಾಬಲ್, ಹೀಗೆ ಉಬ್ಬಿ ನಿಲ್ಲುವ ಸ್ಟಿಚ್‌ಗಳು ಫ್ರೀಫಾರ್ಮ್‌ನ ಚೆಲುವೇ ಹೌದು. ಆದರೆ ಒಂದು ಮುಂಭಾಗಕ್ಕೆ ಒಂದೋ ಎರಡೋ ಸಾಕು, ಅದೂ ಎದೆಯ ಪಕ್ಕಕ್ಕೆ. ಗದ್ದ ತಾಗುವ ಕಡೆ, ಕಂಕುಳಲ್ಲಿ, ಹೊಟ್ಟೆ ಮೇಲೆ ಮಲಗಿದಾಗ ನೆಲಕ್ಕೆ ಒತ್ತುವ ನಡುಭಾಗದಲ್ಲಿ ಬೇಡ.

ಉಣ್ಣೆಎಳೆ

ನೂಲಿನ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಮೊಹೇರ್ ಬೇಡ, ಅಂಗೋರ ಬೇಡ, ಜರಿ ಬೇಡ. ಮೊಹೇರ್ ಆಡಿನ ಕೂದಲು, ಅಂಗೋರ ಮೊಲದ್ದು; ಎರಡರ ಕೂದಲೂ ಉದುರಿ ಮಗುವಿನ ಬಾಯಿ, ಮೂಗಿಗೆ ಹೋಗುತ್ತದೆ. ಜರಿ ಚರ್ಮ ಕೆರೆಯುತ್ತದೆ. ಶೆನಿಲ್ ನೂಲಿನ ಜೂಲು ಕೂಡ ಒಗೆದಂತೆ ಉದುರುತ್ತದೆ. ಗುಂಗುರು ಇರುವ ಬೂಕ್ಲೆಯಲ್ಲಿ ಬೆರಳು, ಉಗುರು ಸಿಕ್ಕಿಕೊಳ್ಳುತ್ತವೆ. ದೊಡ್ಡವರ ಫ್ರೀಫಾರ್ಮ್ ಉಡುಪಿಗೆ ಸೊಗಸು ತರುವ ವಿಚಿತ್ರ ನೂಲುಗಳೆಲ್ಲ ಇಲ್ಲಿ ಹೊರಗೆ. ಇಲ್ಲಿ ವೈವಿಧ್ಯ ಬಣ್ಣದಿಂದ, ಸ್ಟಿಚ್‌ನಿಂದ ಬರಲಿ.

ಒಂದು ಉಡುಪಿಗೆ ಒಂದೇ ಜಾತಿಯ ನೂಲು, ಒಂದೇ ದಪ್ಪ. ಹತ್ತಿ ಒಗೆದಾಗ ಸ್ವಲ್ಪ ಕುಗ್ಗುತ್ತದೆ, ಅಕ್ರಿಲಿಕ್ ಹಾಗೇ ಇರುತ್ತದೆ, ಮಾಮೂಲಿ ಉಣ್ಣೆ ಬಿಸಿನೀರಿಗೂ ತಿಕ್ಕಾಟಕ್ಕೂ ಕಂಬಳಿಗಟ್ಟಿ ಅರ್ಧಕ್ಕೆ ಇಳಿಯಬಹುದು. ಮೂರೂ ಪಕ್ಕಪಕ್ಕ ಇದ್ದರೆ ಚೆನ್ನಾಗಿ ಕೂಡಿಸಿದ ಮುಂಭಾಗವೂ ಕೆಲವೇ ಒಗೆತದಲ್ಲಿ ಸೊಟ್ಟಗಾಗುತ್ತದೆ. ತೆಳು ನೂಲು ಇದ್ದರೆ ಎರಡು ಎಳೆ ಸೇರಿಸಿ ಡಿಕೆ ದಪ್ಪಕ್ಕೆ ತನ್ನಿ.

ನನ್ನ ಆಯ್ಕೆ ಸೂಪರ್‌ವಾಶ್ ಮೆರಿನೋ, ಅಂದರೆ ಒಗೆದರೂ ಕಂಬಳಿಗಟ್ಟದಂತೆ ಸಂಸ್ಕರಿಸಿದ ಮೆರಿನೋ ಕುರಿಯ ಉಣ್ಣೆ. ಮೃದು, ಹಿಗ್ಗಿ ಮರಳುತ್ತದೆ, ರಿಬ್ ಸಡಿಲ ಬೀಳುವುದಿಲ್ಲ, ಉಣ್ಣೆಯಾದ್ದರಿಂದ ಬೆಂಕಿ ಬೇಗ ಹತ್ತುವುದಿಲ್ಲ. ಒಂದು ದೋಷ: ಸೂಪರ್‌ವಾಶ್ ನೂಲು ಮೊದಲ ಒಗೆತದಲ್ಲಿ ಬೆಳೆಯುತ್ತದೆ. ಹಾಗಾಗಿ 15 ಸೆಂ.ಮೀ. ಚೌಕದ ಸ್ಯಾಂಪಲ್ ಮಾಡಿ, ಒಗೆದು, ಹರಡಿ ಒಣಗಿಸಿದ ಮೇಲಷ್ಟೇ ನಡುವಿನ 10 ಸೆಂ.ಮೀ. ಅಳೆಯಿರಿ.

ಗಾಢ ಕೆಂಪು, ಕಡುನೀಲಿ ಹತ್ತಿ ಇದ್ದರೆ ಬಣ್ಣ ಬಿಡುತ್ತದೆಯೇ ನೋಡಿ. ಸ್ಯಾಂಪಲ್ ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ರಾತ್ರಿಯಿಡೀ ಬಿಡಿ. ಉಪ್ಪಿನಲ್ಲೋ ವಿನೆಗರಿನಲ್ಲೋ ನೆನೆಸಿದರೆ ಹತ್ತಿಯ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಂಬಬೇಡಿ. ಬಿಡುವ ಬಣ್ಣ ಬಿಡುತ್ತಲೇ ಇರುತ್ತದೆ. ಮಗು ಅದೇ ಅಂಚನ್ನು ಚೀಪುತ್ತಿರುತ್ತದೆ.

ನೂಲುಂಡೆ

ತುಂಬ ಉಪಯೋಗವಾಯಿತು. ಮೊಹೇರ್, ಜರಿ ಎತ್ತಿಟ್ಟೆ. ಇನ್ನು ಮೂರು ಅನುಮಾನ. ಹತ್ತಿಯಲ್ಲೇ ಪೂರ್ತಿ ಮಾಡಿದರೆ ಏನು ನಷ್ಟ? ಕ್ರೋಶೆ ಮುಂಭಾಗಕ್ಕೆ ನಿಟ್ಟಿಂಗ್ ತೋಳನ್ನು ಹೊಲಿಯಬೇಕೇ, ಅಲ್ಲಿಂದಲೇ ಎತ್ತಿಕೊಳ್ಳಬೇಕೇ? ಇದೇ ನೂಲಿನಲ್ಲಿ ಕಟ್ಟುವ ಲಾಡಿ ಇರುವ ಟೋಪಿಯನ್ನೂ ಮಾಡಬೇಕು ಅಂತಿದೆ, ಸರಿಯೇ?

ಎಳೆಬಿಡಿಸು

ಹತ್ತಿ ಮಾಡಬಹುದು. ಉಣ್ಣೆಎಳೆ ಅವರು ಮೆರಿನೋ ಎಂದರು. ಸೆಕೆಯಲ್ಲಿ ತೊಡಿಸುವುದಾದರೆ ನಾನು ಹತ್ತಿಯನ್ನೇ ಆರಿಸುತ್ತೇನೆ, ಹೊಸದಾಗಿ ಕೊಳ್ಳುವುದಾದರೆ ಹತ್ತಿ-ಅಕ್ರಿಲಿಕ್ ಅರ್ಧರ್ಧ ಇರುವ ನೂಲು. ಪೂರ್ತಿ ಹತ್ತಿ ಭಾರ, ಜೊತೆಗೆ ಹಿಗ್ಗಿದ್ದು ಮರಳುವುದಿಲ್ಲ, ಹಾಗಾಗಿ ಮಣಿಕಟ್ಟಿನ ರಿಬ್ ಬೇಗ ಜೋಲುತ್ತದೆ. ಅದಕ್ಕೆ ರಿಬ್ಬನ್ನು ಉಳಿದ ಭಾಗಕ್ಕಿಂತ 1 ಮಿ.ಮೀ. ಸಣ್ಣ ಕಡ್ಡಿಯಲ್ಲಿ ಹೆಣೆಯಿರಿ. ಮುಂಭಾಗದ ಸ್ಕ್ರಂಬಲ್‌ಗಳಲ್ಲಿ ಎತ್ತರದ ಸ್ಟಿಚ್ ಕಡಿಮೆ ಮಾಡಿ, ಇಲ್ಲದಿದ್ದರೆ ತನ್ನ ಭಾರಕ್ಕೇ ಉದ್ದ ಇಳಿಯುತ್ತದೆ.

ಕಡ್ಡಿಕೊಕ್ಕೆ

ತೋಳನ್ನು ಅಲ್ಲಿಂದಲೇ ಎತ್ತಿಕೊಳ್ಳಿ. ಕಂಕುಳಲ್ಲಿ ದಪ್ಪ ಹೊಲಿಗೆ ಬರುವುದಿಲ್ಲ, ಮಗು ಬೆಳೆದಾಗ ತೋಳನ್ನು ತುದಿಯಿಂದ ಬಿಚ್ಚಿ ಉದ್ದ ಮಾಡಲೂ ಆಗುತ್ತದೆ. ಒಂದು ವರ್ಷಕ್ಕೆ ಎದೆ ಸುಮಾರು 45.5 ಮಾತ್ರ, ಆದರೆ ಹಿಂಗತ್ತಿನಿಂದ ಮಣಿಕಟ್ಟಿಗೆ 31.5 ಆಗಿರುತ್ತದೆ. ಸ್ವೆಟರ್ ಮೊದಲು ಮೋಟಾಗುವುದು ತೋಳಿನಲ್ಲೇ. ಮುಖ್ಯ ಬಣ್ಣದ 25 ಗ್ರಾಂ ಎತ್ತಿಟ್ಟಿರಿ.

ಲೆಕ್ಕ ಹೀಗೆ. ಡಿಕೆ ನೂಲು 4 ಮಿ.ಮೀ. ಕಡ್ಡಿಯಲ್ಲಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ, 10 ಸೆಂ.ಮೀ.ಗೆ 22 ಕುಣಿಕೆ, 30 ಸಾಲು ಎಂದುಕೊಳ್ಳೋಣ. ಬೆನ್ನಿಗೆ 54 ಕುಣಿಕೆ. 3.5ರ ಕಡ್ಡಿಯಲ್ಲಿ ಎರಡು ಸೀದಾ ಎರಡು ಉಲ್ಟಾ ರಿಬ್ 3 ಸೆಂ.ಮೀ., ಆಮೇಲೆ 4ರ ಕಡ್ಡಿಯಲ್ಲಿ 72 ಸಾಲು. ಕೊನೆಗೆ 16 ಭುಜ, 22 ಕತ್ತು, 16 ಭುಜ.

ಕ್ರೋಶೆ ಮುಂಭಾಗದ ಅಂಚಿನಲ್ಲಿ 4.5 ಹುಕ್‌ಗೆ 10 ಸೆಂ.ಮೀ.ಗೆ ಸುಮಾರು 16 ಸ್ಟಿಚ್ ಬರುತ್ತದೆ. ಅಂದರೆ 11 ಸೆಂ.ಮೀ. ಕಂಕುಳಿಗೆ 18. ನಮಗೆ ಬೇಕಾದ ನಿಟ್ಟಿಂಗ್ ಕುಣಿಕೆ 24. ಹಾಗಾಗಿ ಮೂರು ಸ್ಟಿಚ್‌ಗೆ ನಾಲ್ಕು: ಒಂದೊಂದರಿಂದ ಒಂದೊಂದು, ಮೂರನೆಯದರ ನಂತರ ಸಂದಿನಿಂದ ಒಂದು ಹೆಚ್ಚು. ಸ್ಟಿಚ್‌ನ ಮೇಲಿನ ಎರಡೂ ಎಳೆಯ ಕೆಳಗೆ ಕಡ್ಡಿ ಹೋಗಬೇಕು, ಒಂದೇ ಎಳೆ ಎತ್ತಿದರೆ ತೂತು ಬೀಳುತ್ತದೆ. ಬೆನ್ನಿನ ಕಡೆ ಕಂಕುಳ 33 ಸಾಲು; ನಾಲ್ಕು ಸಾಲಿಗೆ ಮೂರರಂತೆ ಎತ್ತಿದರೆ ಅಲ್ಲೂ 24 ಸಿಗುತ್ತದೆ. ಒಟ್ಟು 48. ಭುಜ ಕೂಡಿಸಿ, ಪಕ್ಕ ಹೊಲಿದು, ದುಂಡಗೆ ಹೆಣೆಯಿರಿ. ಪ್ರತಿ 5ನೆಯ ಸುತ್ತಿಗೆ ಕಂಕುಳ ಕೆಳಗೆ ಎರಡು ಕುಣಿಕೆ ಕಡಿಮೆ, ಎಂಟು ಸಲ. 32 ಉಳಿಯುತ್ತದೆ. 14 ಸೆಂ.ಮೀ. ಆದಾಗ ಸಣ್ಣ ಕಡ್ಡಿಗೆ ಬದಲಿಸಿ 3 ಸೆಂ.ಮೀ. ರಿಬ್. ಮುಗಿಸುವುದನ್ನು ಸಡಿಲವಾಗಿ ಮುಗಿಸಿ. ಮಗುವಿನ ಮುಷ್ಟಿ ಮಣಿಕಟ್ಟಿಗಿಂತ ದಪ್ಪ, ಬಿಗಿ ಇದ್ದರೆ ತೊಡಿಸುವಾಗ ಬೆರಳು ಮಡಚಿಕೊಳ್ಳುತ್ತದೆ.

ಮುಂಭಾಗದ ಕೆಳಗೆ ರಿಬ್‌ಗೆ 22 ಎತ್ತಿ, ಗುಂಡಿಪಟ್ಟಿಗೆ ಆ ರಿಬ್ ಸೇರಿಸಿ 50.

ಸ್ಕ್ರಂಬಲ್‌ಗಳ ಒಳಗೂ ನಿಟ್ಟಿಂಗ್ ಬೇಕೆಂದರೆ ಗಾರ್ಟರ್ ಹಾಕಿ, ಎಲ್ಲ ಸಾಲೂ ಸೀದಾ. ಅದು ಸುರುಳಿಕೊಳ್ಳುವುದಿಲ್ಲ, ಒಂದು ಕುಣಿಕೆಗೆ ಎರಡು ಸಾಲಿನಂತೆ ಚೌಕ ಬರುತ್ತದೆ. ತುಂಡಿನ ಒಂದು ಬದಿಯಿಂದ ಎಂಟು-ಹತ್ತು ಕುಣಿಕೆ ಎತ್ತಿ, ಹತ್ತು ಹನ್ನೆರಡು ಸಾಲು ಹೆಣೆದು ಮುಚ್ಚಿ, ಅದರ ಅಂಚಿನಿಂದ ಮತ್ತೆ ಕ್ರೋಶೆ ಮುಂದುವರಿಸಿ. ಕ್ರೋಶೆಯ ಒರಟು ಮೈ ಪಕ್ಕದಲ್ಲಿ ಗಾರ್ಟರಿನ ಏಣುಗಳು ಬಹಳ ಚೆನ್ನಾಗಿ ಕಾಣುತ್ತವೆ, ಬಟ್ಟೆಗೂ ಹಿಗ್ಗು ಬರುತ್ತದೆ. ಬೀಸಣಿಗೆ ಆಕಾರ ಬೇಕಿದ್ದರೆ ಶಾರ್ಟ್ ರೋ ಹಾಕಿ, ಅಂದರೆ ಸಾಲನ್ನು ಪೂರ್ತಿ ಮುಗಿಸದೆ ನಡುವೆಯೇ ತಿರುಗಿ ಹೆಣೆಯುವುದು.

ಉಣ್ಣೆಎಳೆ

ಟೋಪಿಗೆ ಲಾಡಿ ಬೇಡ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಕ್ಕಳ ಉಡುಪಿನ ಹುರಿ, ಲಾಡಿಗಳಿಗಾಗಿ ಯುರೋಪಿನಲ್ಲಿ ಇಎನ್ 14682 ಎಂಬ ಮಾನದಂಡವಿದೆ; ಅದು ಏಳು ವರ್ಷದೊಳಗಿನವರ ಬಟ್ಟೆಯಲ್ಲಿ ಕತ್ತು ಮತ್ತು ತಲೆಗವಸಿನ ಜಾಗಕ್ಕೆ ಎಳೆದು ಬಿಗಿಯುವ ಹುರಿಯನ್ನು ಒಪ್ಪುವುದಿಲ್ಲ. ಕಾರಣ ಸ್ಪಷ್ಟ, ಕೊರಳಿಗೆ ಸುತ್ತಿಕೊಳ್ಳುತ್ತದೆ ಅಥವಾ ಎಲ್ಲೋ ಸಿಕ್ಕಿಕೊಂಡು ಬಿಗಿಯುತ್ತದೆ. ಟೋಪಿ ನಿಲ್ಲಬೇಕಾದರೆ 5 ಸೆಂ.ಮೀ. ರಿಬ್ ಸಾಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ, ಹುಟ್ಟಿದ ಮೊದಲ ಕೆಲ ಗಂಟೆ ಮತ್ತು ನವಜಾತ ಶಿಶುಗಳ ತೀವ್ರ ನಿಗಾ ಘಟಕ ಬಿಟ್ಟರೆ, ಒಳಾಂಗಣದಲ್ಲಿ ಮಗುವಿಗೆ ಟೋಪಿ ಬೇಡ ಎಂದಿದೆ, ಮೈ ಅತಿಯಾಗಿ ಬಿಸಿಯಾಗಬಾರದೆಂದು. ಟೋಪಿ ಹೊರಗೆ ಹೋಗುವಾಗ ಮಾತ್ರ.

ಫ್ರೀಫಾರ್ಮ್‌ಗೇ ಅಂಟಿದ ಅಪಾಯ ಎಳೆಗಳದ್ದು. ಏಳು ಬಣ್ಣದ ತುಂಡಿಗೆ ಹದಿನಾಲ್ಕು ತುದಿ. ಒಳಗೆ ಬಿಚ್ಚಿಕೊಂಡ ಒಂದೇ ಎಳೆ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಹರಿಯುವುದು ನಿಲ್ಲುತ್ತದೆ, ಮಗುವಿಗೆ ಹೇಳಲು ಬರುವುದಿಲ್ಲ, ಅಳುವಿಗೆ ಕಾರಣ ಹೊಳೆಯುವುದಿಲ್ಲ. ಆದ್ದರಿಂದ ಪ್ರತಿ ತುದಿ 15 ಸೆಂ.ಮೀ. ಬಿಡಿ. ದಪ್ಪ ಸೂಜಿಯಲ್ಲಿ ಅದೇ ಬಣ್ಣದ ಸ್ಟಿಚ್‌ಗಳ ಒಳಗೆ 5 ಸೆಂ.ಮೀ. ಹೋಗಿ, ತಿರುಗಿ ಬಂದು, ಮೂರನೆಯ ಸಲ ಬೇರೆ ದಿಕ್ಕಿಗೆ. ಹೋಗುವಾಗ ನೂಲಿನ ಎಳೆಗಳ ನಡುವೆ ಚುಚ್ಚುತ್ತ ಹೋದರೆ ಜಾರುವುದಿಲ್ಲ. ಸೂಪರ್‌ವಾಶ್ ನುಣುಪಾದ್ದರಿಂದ ಇದು ಅಲ್ಲಿ ಕಡ್ಡಾಯ. ಹೆಣೆಯುತ್ತಲೇ ತುದಿಯನ್ನು ಸ್ಟಿಚ್‌ಗಳ ಕೆಳಗೆ ಮುಚ್ಚಿಕೊಂಡು ಹೋಗುವುದು ಮಾತ್ರ ಸಾಲದು, ಒಂದೇ ದಿಕ್ಕಿನ ಎಳೆ ಎಳೆದರೆ ಬರುತ್ತದೆ. ಬಣ್ಣ ಬದಲಿಸುವಾಗ ಹಿಂದೆ ಉದ್ದ ಎಳೆ ಹಾಯಿಸಬೇಡಿ, ಕತ್ತರಿಸಿ ಹೊಸದಾಗಿ ಶುರುಮಾಡಿ.

ತೂತುಗಳನ್ನೂ ನೋಡಿ. ಪೆನ್ಸಿಲ್ ಸಲೀಸಾಗಿ ನುಗ್ಗುವ ಚೈನ್ ಕಿಂಡಿ ಇದ್ದರೆ ಬೆರಳೂ ನುಗ್ಗುತ್ತದೆ. ಗುಂಡಿಯನ್ನು ಬರಿಯ ನೂಲಿನ ಬಟ್ಟೆಗೆ ಹೊಲಿಯಬೇಡಿ, ಎಳೆದರೆ ಬಟ್ಟೆಯೇ ಹಿಗ್ಗಿ ಬಿಡುತ್ತದೆ. ಪಟ್ಟಿಯ ಒಳಗೆ ಗಟ್ಟಿ ರಿಬ್ಬನ್ ಇಟ್ಟು, ಪಾಲಿಯೆಸ್ಟರ್ ಹೊಲಿಗೆ ದಾರದಲ್ಲಿ ಎರಡನ್ನೂ ಸೇರಿಸಿ ಹೊಲಿಯಿರಿ. ಮಣಿ, ಹೂವಿನ ನಡುವಿನ ಮುತ್ತು, ಅಂಟಿಸಿದ ಅಲಂಕಾರ ಯಾವುದೂ ಬೇಡ. ಹೂ ಬೇಕೆಂದರೆ ಸರ್ಫೇಸ್ ಕ್ರೋಶೆಯಿಂದ, ಅಂದರೆ ಹೆಣೆದ ಬಟ್ಟೆಯ ಮೇಲ್ಮೈಯಲ್ಲೇ ಸ್ಟಿಚ್ ಹಾಕಿ ಮೂಡಿಸಿ.

ನೂಲುಂಡೆ

ಲಾಡಿ ಬಿಟ್ಟೆ. ಕೊನೆಯದಾಗಿ: ತುಂಡುಗಳನ್ನು ಕೂಡಿಸುವಾಗ ಒಳಗೆ ಏಣು ಬಾರದಂತೆ ಯಾವ ಹೊಲಿಗೆ? ಆಮೇಲೆ ಒಗೆಯುವುದು ಹೇಗೆ?

ಎಳೆಬಿಡಿಸು

ತುಂಡುಗಳನ್ನು ಬರೆದ ಬಟ್ಟೆಯ ಮೇಲೆ ಕೆಳಮುಖವಾಗಿ ಹರಡಿ ಪಿನ್ ಮಾಡಿ, ಹಿಂದಿನಿಂದ ಹೊಲಿಯಿರಿ. ಕೆಳಮುಖ ಇಟ್ಟಾಗ ಎಡ ಬಲ ಅದಲುಬದಲಾಗುತ್ತದೆ, ಬಲಭಾಗದ ತುಂಡುಗಳನ್ನು ಎಡಭಾಗದ ಗೆರೆಯ ಮೇಲೆ ಇಡಬೇಕು. ಅಂಚುಗಳು ಒಂದರ ಮೇಲೊಂದು ಏರದೆ ಪಕ್ಕಪಕ್ಕ ತಾಗಿರಲಿ. ಮುಂದಿನ ಎಳೆ ಬಿಟ್ಟು ಹಿಂದಿನ ಎಳೆಗಳನ್ನು ಮಾತ್ರ ಹಿಡಿದು ಸುತ್ತುಹೊಲಿಗೆ ಹಾಕಿದರೆ ಒಳಗೆ ಬಹುತೇಕ ಚಪ್ಪಟೆ. ಸಿಂಗಲ್ ಕ್ರೋಶೆಯಿಂದ ಕೂಡಿಸಿದರೆ ಬೇಗ ಆಗುತ್ತದೆ, ಆದರೆ ಏಣು ಏಳುತ್ತದೆ. ಹೊಲಿಯುವ ನೂಲನ್ನು ಸೀಳಿ ಅರ್ಧ ದಪ್ಪ ಮಾಡಿಕೊಳ್ಳಬಹುದು, ಎಳೆದು ನೋಡಿ ಗಟ್ಟಿ ಇದ್ದರೆ ಮಾತ್ರ. ಹತ್ತು ಹೊಲಿಗೆಗೊಮ್ಮೆ ಬಟ್ಟೆಯನ್ನು ಅಡ್ಡಕ್ಕೆ ಹಿಗ್ಗಿಸಿ ನೋಡಿ. ಹೊಲಿಗೆ ಬಿಗಿದಿದ್ದರೆ ಅಲ್ಲಿ ಬಟ್ಟೆ ಸುಕ್ಕಾಗುತ್ತದೆ. ಸುತ್ತಂಚು ಹಾಕುವ ಮುನ್ನ ಮುಂಭಾಗಗಳನ್ನು ಒದ್ದೆ ಮಾಡಿ, ಒಳಗೆರೆಗೆ ಸರಿಯಾಗಿ ಪಿನ್ ಹೊಡೆದು ಒಣಗಿಸಿ. ಅಕ್ರಿಲಿಕ್ ಇದ್ದರೆ ಇಸ್ತ್ರಿ ತಾಗಿಸಬೇಡಿ, ಎಳೆ ಕರಗಿ ಬಟ್ಟೆ ಸತ್ತಂತೆ ಜೋಲುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಒಗೆಯುವುದು ಜಾಲರಿ ಚೀಲದಲ್ಲಿ, 30 ಡಿಗ್ರಿಯಲ್ಲಿ, ಒಳಮೈ ಹೊರಗೆ ಮಾಡಿ. ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಅಡ್ಡಲಾಗಿ ಹರಡಿ ಒಣಗಿಸಿ. ತೂಗುಹಾಕಿದರೆ ಕ್ರೋಶೆ ಭಾಗ ನಿಟ್ಟಿಂಗ್‌ಗಿಂತ ಹೆಚ್ಚು ಇಳಿದು ಮುಂದಿನ ಅಂಚು ಬೆನ್ನಿಗಿಂತ ಉದ್ದವಾಗುತ್ತದೆ. ಪ್ರತಿ ಒಗೆತದ ನಂತರ ಒಳಮೈಯನ್ನು ಬೆರಳಾಡಿಸಿ ನೋಡಿ, ಹೊರಬಂದ ತುದಿ ಇದ್ದರೆ ಕತ್ತರಿಸಬೇಡಿ, ಸೂಜಿಯಲ್ಲಿ ಮತ್ತೆ ಒಳಗೆ ಹೆಣೆಯಿರಿ.